ರೈಲಿನ ಹುಚ್ಚು ಬಿಡಿ ಅನ್ನದ ಥೆರಪಿಸ್ಟ್ ಎಲ್ಲಿ ಸಿಗ್ತಾರೆ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಊರು ಅರಸೀಕೆರೆ ಹತ್ತಿರ, ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್. ಚಿಕ್ಕಂದಿನಿಂದ ನನಗೆ ರೈಲು ಎಂಜಿನ್ ಅಂದರೆ ಪ್ರಾಣ. ಎಂಜಿನ್ ನಂಬರ್, ಅದು ಯಾವ ಶೆಡ್ಡಿನದು, ಯಾವ ಗಾಡಿಗೆ ಬಂತು, ಎಲ್ಲ ಬರೆದಿಡುತ್ತೇನೆ. ಘಾಟಿ ಹತ್ತಿಸೋಕೆ ಬ್ಯಾಂಕರ್ ಹಚ್ಚುವುದನ್ನು ನೋಡಲೆಂದೇ ಸಕಲೇಶಪುರಕ್ಕೆ ಹೋಗಿ ಬರುತ್ತೇನೆ. ಆಫೀಸಿನಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ ನನಗೆ ಮಾತೇ ಹೊರಡಲ್ಲ. ಗದ್ದಲ ತಡೆಯೋಕಾಗಲ್ಲ. ಏಳೆಂಟು ತಿಂಗಳಿಂದ ನಿದ್ದೆ ಕೆಟ್ಟಿದೆ. ಭಾನುವಾರ ಸಂಜೆಯಾದರೆ ಎದೆ ಭಾರ. ಕೆಲವೊಮ್ಮೆ ಬೆಳಿಗ್ಗೆ ಏಳೋದೇ ಬೇಡ ಅನ್ನಿಸುತ್ತೆ. ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ‘ಈ ರೈಲಿನ ಹುಚ್ಚು ಬಿಡಿ, ನಾಲ್ಕು ಜನರ ಜೊತೆ ಬೆರೆಯಿರಿ, ಮದುವೆಯಾದ್ರೆ ಎಲ್ಲ ಸರಿಹೋಗುತ್ತೆ’ ಅಂದರು. ಆಮೇಲೆ ಆನ್‌ಲೈನ್‌ನಲ್ಲಿ ಇನ್ನೊಬ್ಬರನ್ನು ನೋಡಿದೆ. ಅವರು ಎಲ್ಲದಕ್ಕೂ ‘ವಾವ್, ಇಂಟರೆಸ್ಟಿಂಗ್’ ಅನ್ನುತ್ತಿದ್ದರು. ಮೂರು ಸಲವೂ ನಾನೇ ದುಡ್ಡು ಕೊಟ್ಟು ಅವರಿಗೆ ರೈಲಿನ ಪಾಠ ಮಾಡಿದ ಹಾಗಾಯಿತು. ಕೊನೆಗೆ ‘ನಿಮಗೆ ಆಟಿಸಂ ಇರಬಹುದು’ ಅಂತ ಒಂದು ಟೆಸ್ಟ್ ಲಿಂಕ್ ಕಳಿಸಿದರು. ನನ್ನಂಥವರನ್ನು ಅರ್ಥ ಮಾಡಿಕೊಳ್ಳುವವರು ಇದ್ದಾರಾ? ಹೇಗೆ ಹುಡುಕುವುದು? ಮುಂದಿನ ಸಲ ಯಾರ ಹತ್ತಿರವಾದರೂ ಹೋದರೆ ಎಂಜಿನ್ ಫೋಟೋ ಆಲ್ಬಂ ತಗೊಂಡು ಹೋಗಲಾ, ಅಥವಾ ಆ ವಿಷಯವೇ ಎತ್ತದಿರಲಾ?

ಉತ್ತರ: ಮೊದಲು ನಿಮ್ಮ ಪತ್ರದ ಒಂದು ಸಾಲು. ‘ಬೆಳಿಗ್ಗೆ ಏಳೋದೇ ಬೇಡ ಅನ್ನಿಸುತ್ತೆ.’ ಇದಕ್ಕೆ ಎರಡು ಅರ್ಥ ಇದೆ. ಆಫೀಸಿಗೆ ಹೋಗೋಕೆ ಬೇಜಾರು ಅನ್ನುವುದು ಒಂದು. ಬದುಕೇ ಸಾಕು ಅನ್ನುವುದು ಇನ್ನೊಂದು. ನಿಮ್ಮದು ಎರಡನೆಯದಾದರೆ, ಅಥವಾ ಯಾವುದು ಅಂತ ನಿಮಗೇ ಸ್ಪಷ್ಟ ಇಲ್ಲದಿದ್ದರೆ, ಸರಿಯಾದ ಥೆರಪಿಸ್ಟ್ ಸಿಗುವವರೆಗೆ ಕಾಯಬೇಡಿ. ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ರೈಲು ಅವರಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಆ ಹೊತ್ತಿಗೆ ಬೇಕಾದ್ದು ಬೇರೆ. ಮನೆಯವರಲ್ಲೋ ಸ್ನೇಹಿತರಲ್ಲೋ ಒಬ್ಬರಿಗಾದರೂ ಈ ಸಾಲನ್ನು ಹೇಳಿಡಿ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ, ಗಮನಿಸಿದ್ದೀರಾ? ‘ಅವನಿಗೆ ಕ್ರಿಕೆಟ್ ಹುಚ್ಚು’ ಅಂತೀವಿ. ‘ಅವನಿಗೆ ಹುಚ್ಚು ಹಿಡಿದಿದೆ’ ಅಂತಾನೂ ಅಂತೀವಿ. ಎರಡಕ್ಕೂ ಒಂದೇ ಪದ. ಕ್ರಿಕೆಟ್, ಸಿನಿಮಾ, ಷೇರು ಮಾರ್ಕೆಟ್ಟಿನ ಹುಚ್ಚಾದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಯಾಕೆಂದರೆ ಆ ಹುಚ್ಚು ನಾಲ್ಕು ಜನಕ್ಕೂ ಇದೆ. ಐಪಿಎಲ್‌ನ ಎಲ್ಲ ಸ್ಕೋರು ಬಾಯಿಪಾಠ ಇರುವವನನ್ನು ಯಾರೂ ಕೌನ್ಸೆಲಿಂಗ್‌ಗೆ ಕಳಿಸಲ್ಲ. ಎಂಜಿನ್ ನಂಬರ್ ಬಾಯಿಪಾಠ ಇದ್ದರೆ ಮಾತ್ರ ‘ಇವನಿಗೆ ಏನೋ ಆಗಿದೆ’. ಓದುವವನು ಕುಡುಮಿ, ಸುಮ್ಮನಿರುವವನು ಮೂಗ, ಒಬ್ಬನೇ ಇರುವವನು ಒಂಟಿ ಪಿಶಾಚಿ. ಇಂಗ್ಲಿಷಿನ ಗೀಕ್‌ಗೆ ನಮ್ಮಲ್ಲಿ ಇರುವುದು ಇಂಥ ಬೈಗುಳಗಳೇ. ಥೆರಪಿಸ್ಟ್‌ಗಳೂ ಇದೇ ಊರಿನಲ್ಲಿ, ಇದೇ ಮಾತು ಕೇಳಿ ಬೆಳೆದವರು. ಎರಡು ವರ್ಷ ಓದಿದ ಮಾತ್ರಕ್ಕೆ ಅದು ತೊಳೆದು ಹೋಗಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಮಾತಿಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಒಂದು ಒಳ್ಳೆಯ ಮಾತು ಹೇಳುತ್ತೆ. ಸುತ್ತಲಿನ ಸಮಾಜದ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ರೀತಿಗಳಿಗೆ, ಕೆಲಸದ ರೀತಿಗೆ ಕೂಡ, ಒಬ್ಬ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಅವನಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನ ಮಾಡುವ ಹಾಗಿಲ್ಲ. ನಾಲ್ಕು ಜನರ ಹಾಗಿಲ್ಲ ಅನ್ನುವುದು ಕಾಯಿಲೆಯ ಲಕ್ಷಣವಲ್ಲ, ಅಷ್ಟೇ. ನಿಮ್ಮ ಮೊದಲ ಕೌನ್ಸೆಲರ್ ಇದನ್ನು ಓದಿರಬೇಕಿತ್ತು.

ಆದರೆ ಅವರನ್ನು ಬೈಯುವ ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ನಾನು ಕೆಲಸ ಶುರುಮಾಡಿದ ಹೊಸದು. ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗಿಯನ್ನು ಅವರ ಮನೆಯವರು ಕರೆತಂದಿದ್ದರು. (ಆಕೆ ಒಪ್ಪಿದ ಮೇಲೆಯೇ, ಗುರುತು ಬದಲಿಸಿ ಬರೆಯುತ್ತಿದ್ದೇನೆ.) ಆಕೆ ಒಂದು ಹೊಸ ಭಾಷೆಯನ್ನೇ ಕಟ್ಟುತ್ತಿದ್ದಳು. ಅದಕ್ಕೊಂದು ಲಿಪಿ, ವ್ಯಾಕರಣ, ಆ ಭಾಷೆ ಆಡುವ ದೇಶದ ನಕ್ಷೆ. ಇನ್ನೂರು ಪುಟದ ನೋಟ್‌ಬುಕ್ ಮೂರು ತುಂಬಿದ್ದವು. ನಾನು ಫೈಲಿನಲ್ಲಿ ‘ಕಲ್ಪನಾ ಲೋಕದಲ್ಲಿ ಜಾಸ್ತಿ ಹೊತ್ತು ಕಳೆಯುತ್ತಾಳೆ’ ಅಂತ ಬರೆದೆ. ದಿನಕ್ಕೆ ಅರ್ಧ ಗಂಟೆಗೆ ಇಳಿಸು, ಗೆಳತಿಯರ ಜೊತೆ ಹೊರಗೆ ಹೋಗು ಅಂತ ಟೈಮ್‌ಟೇಬಲ್ ಮಾಡಿಕೊಟ್ಟೆ. ಮೂರನೇ ಸಲದ ನಂತರ ಬರಲಿಲ್ಲ. ನಾಲ್ಕೈದು ವರ್ಷ ಆದಮೇಲೆ ಒಂದು ಮೇಲ್ ಬಂತು. ಸಿಟ್ಟೇನೂ ಇರಲಿಲ್ಲ. ಬೇರೆ ಒಬ್ಬರ ಹತ್ತಿರ ಹೋಗಿ ಈಗ ಚೆನ್ನಾಗಿದ್ದೇನೆ ಅಂತ ಬರೆದು, ಕೊನೆಗೆ ಹೇಳಿದ್ದಳು: ‘ನೀವು ಆ ನೋಟ್‌ಬುಕ್ ತೆರೆದು ನೋಡಲೇ ಇಲ್ಲ. ಇವರು ಮೊದಲ ದಿನವೇ ನೋಡಿದರು. ನನ್ನ ಭಾಷೆಯಲ್ಲಿ ಹೋಗು, ಬಾ, ಮಾಡು ಅಂತ ಅಪ್ಪಣೆ ಮಾಡುವ ಕ್ರಿಯಾರೂಪವೇ ಇಲ್ಲ ಅನ್ನೋದನ್ನು ಕಂಡುಹಿಡಿದು, ಯಾಕೆ ಅಂತ ಕೇಳಿದರು. ಆವತ್ತು ಎರಡು ಗಂಟೆ ಅತ್ತೆ.’

ಆ ಮನೆಯಲ್ಲಿ ಅವಳ ಜೊತೆ ಯಾರೂ ಅಪ್ಪಣೆ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲವಂತೆ. ಮೂರು ನೋಟ್‌ಬುಕ್ ನನ್ನ ಮೇಜಿನ ಮೇಲೇ ಇದ್ದವು. ಅವುಗಳನ್ನು ಮುಟ್ಟದೆ ನಾನು ಇನ್ನೊಂದಷ್ಟು ಅಪ್ಪಣೆ ಕೊಟ್ಟು ಕಳಿಸಿದ್ದೆ.

ಆವತ್ತಿನಿಂದ ಯಾರಾದರೂ ‘ಅರ್ಥ ಮಾಡಿಕೊಳ್ಳುವ ಥೆರಪಿಸ್ಟ್ ಬೇಕು’ ಅಂದರೆ ನಾನು ಹೇಳುವುದು ಒಂದೇ. ನಿಮ್ಮ ಹುಚ್ಚು ಅವರಿಗೂ ಇರಬೇಕಾಗಿಲ್ಲ. ಅವರು ನೋಟ್‌ಬುಕ್ ತೆರೆದು ನೋಡುವವರಾಗಿರಬೇಕು. ನೋಡಿದ ಮೇಲೆ ನಿಮ್ಮ ನೋವು ಎಲ್ಲಿದೆ ಅಂತ ಕೇಳುವವರಾಗಿರಬೇಕು. ಎರಡೂ ಬೇಕು. ನಿಮ್ಮ ಮೊದಲ ಕೌನ್ಸೆಲರ್ ಮೊದಲನೆಯದನ್ನು ಮಾಡಲಿಲ್ಲ. ಎರಡನೆಯವರು ಎರಡನೆಯದನ್ನು ಮಾಡಲಿಲ್ಲ.

ಹಾಗೆ ನೋಡಿದರೆ ರೈಲಿನ ಹುಚ್ಚಿರುವ ಥೆರಪಿಸ್ಟೇ ಸಿಕ್ಕಿಬಿಟ್ಟರೆ ನನಗೆ ಸ್ವಲ್ಪ ಭಯ. ಐವತ್ತು ನಿಮಿಷ ಇಬ್ಬರೂ ಕೂತು ಹಳೇ ಆಲ್ಕೋ ಡೀಸೆಲ್ ಎಂಜಿನ್ನಿನ ಸದ್ದು ಚೆಂದವೋ ಹೊಸ ಎಲೆಕ್ಟ್ರಿಕ್ ಚೆಂದವೋ ಅಂತ ಮಾತಾಡಿ, ಖುಷಿಯಾಗಿ ಎದ್ದು ಬರುತ್ತೀರಿ. ಭಾನುವಾರ ಸಂಜೆಯ ಎದೆ ಭಾರ ಹಾಗೇ ಇರುತ್ತೆ.

ಒಳ್ಳೆಯವರು ನಿಮ್ಮ ವಿಷಯವನ್ನು ಹೇಗೆ ಬಳಸುತ್ತಾರೆ ಅನ್ನುವುದಕ್ಕೆ ನಿಮ್ಮ ಪತ್ರದಿಂದಲೇ ಒಂದು ಉದಾಹರಣೆ. ‘ಬ್ಯಾಂಕರ್’ ಓದಿದಾಗ ನಾನು ಯಾರೋ ಬ್ಯಾಂಕಿನವರು ಅಂದುಕೊಂಡೆ, ನಿಜವಾಗಿಯೂ. ಆಮೇಲೆ ರೈಲು ಗೊತ್ತಿರುವವರನ್ನು ಕೇಳಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗ, 50ಕ್ಕೆ 1ರ ಏರು, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಭಾರದ ಗಾಡಿಯನ್ನು ಮುಂದಿನ ಎಂಜಿನ್ ಒಂದೇ ಎಳೆಯೋಕಾಗಲ್ಲ, ಹಿಂದಿನಿಂದ ಇನ್ನೊಂದು ಎಂಜಿನ್ ಹಚ್ಚಿ ತಳ್ಳಿಸುತ್ತಾರೆ. ಅದೇ ಬ್ಯಾಂಕರ್. ಇಷ್ಟು ತಿಳಿದ ಮೇಲೆ ನೀವು ನನ್ನ ಎದುರು ಕೂತಿದ್ದರೆ ನಾನು ಕೇಳುತ್ತಿದ್ದೆ: ನಿಮ್ಮ ವಾರದಲ್ಲಿ ಘಾಟಿ ಎಲ್ಲಿಂದ ಶುರು? ಸೋಮವಾರದ ಮೀಟಿಂಗಾ, ಮಧ್ಯಾಹ್ನದ ಊಟದ ಮೇಜಾ? ಅಲ್ಲಿ ಹಿಂದಿನಿಂದ ತಳ್ಳೋಕೆ ಯಾರಿದ್ದಾರೆ? ಮೊದಲು ಯಾರಾದರೂ ಇದ್ದರಾ? ಏಳೆಂಟು ತಿಂಗಳ ಹಿಂದೆ ಅವರು ಎಲ್ಲಿ ಹೋದರು? ‘ನಿಮ್ಮ ಭಾವನೆ ಹೇಳಿ’ ಅಂದರೆ ಮಾತು ಹೊರಡದವರು ಇಂಥ ಪ್ರಶ್ನೆಗೆ ಅರ್ಧ ಗಂಟೆ ಮಾತಾಡುತ್ತಾರೆ. ನಾನೇ ನೋಡಿದ್ದೇನೆ.

ಇನ್ನೊಂದು ಅಳತೆಗೋಲು ಇದೆ. ಅಮೆರಿಕದ ಎಡ್ವರ್ಡ್ ಬೋರ್ಡಿನ್ ಅನ್ನುವ ಮನಶ್ಶಾಸ್ತ್ರಜ್ಞ 1979ರಲ್ಲಿ ಹೇಳಿದ್ದು, ಈಗಲೂ ನಮ್ಮ ಕೆಲಸಕ್ಕೆ ಬರುತ್ತೆ. ಥೆರಪಿಸ್ಟ್ ಮತ್ತು ಬಂದವರ ನಡುವಿನ ಒಪ್ಪಂದದಲ್ಲಿ ಮೂರು ಎಳೆ. ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಒಮ್ಮತ, ಅದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಒಮ್ಮತ, ಇಬ್ಬರ ನಡುವೆ ನಂಬಿಕೆ. ನಿಮ್ಮ ಮೊದಲ ಅನುಭವದಲ್ಲಿ ಮೊದಲ ಎಳೆಯೇ ಕಿತ್ತುಹೋಗಿತ್ತು. ನಿಮಗೆ ನಿದ್ದೆ ಬೇಕಿತ್ತು, ಅವರಿಗೆ ನಿಮ್ಮ ಮದುವೆ ಬೇಕಿತ್ತು.

ಹಾಗಂತ ಹವ್ಯಾಸದ ಬಗ್ಗೆ ಕೇಳಲೇಬಾರದು ಅಂತಲ್ಲ. ಕೆಲವರಿಗೆ ಅದೇ ಸಮಸ್ಯೆ ಆಗುವುದೂ ಇದೆ. ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತ ಇದೆ, ಮೊಬೈಲು, ಗೇಮು ಕೈಮೀರಿದವರಿಗಾಗಿ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ಅಲ್ಲಿ ಎಣಿಸುವುದು ಗಂಟೆಗಳನ್ನಲ್ಲ. ನಿಲ್ಲಿಸಬೇಕು ಅಂದಾಗ ನಿಲ್ಲಿಸೋಕೆ ಆಗುತ್ತಾ, ಊಟ, ನಿದ್ದೆ, ಕೆಲಸ, ಮನೆ ಎಲ್ಲಕ್ಕಿಂತ ಅದೇ ಮುಂದೆ ನಿಂತಿದೆಯಾ, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುತ್ತಿದೆಯಾ ಅಂತ ಕೇಳುತ್ತಾರೆ, ಅದೂ ಸಾಮಾನ್ಯವಾಗಿ ಒಂದು ವರ್ಷದ ಚಿತ್ರ ನೋಡಿ. ನೀವು ಭಾನುವಾರ ಕ್ಯಾಮೆರಾ ಹಿಡಿದು ಹೋಗುತ್ತೀರಿ, ಸೋಮವಾರ ಕೆಲಸಕ್ಕೂ ಹೋಗುತ್ತೀರಿ. ನಿಮ್ಮ ಪತ್ರ ಓದಿದರೆ ರೈಲು ನಿಮ್ಮನ್ನು ಕೆಡಿಸುತ್ತಿರುವ ಹಾಗೆ ಕಾಣಲ್ಲ. ವಾರದಲ್ಲಿ ಸ್ವಲ್ಪ ಉಸಿರಾಡುವ ಜಾಗ ಅದೊಂದೇ ಇರುವ ಹಾಗೆ ಕಾಣುತ್ತೆ. ಅದನ್ನೇ ಬಿಡಿ ಅಂದರೆ ಹೇಗೆ?

ಈಗ ಹುಡುಕುವ ವಿಚಾರ. ಮೊದಲು ಯಾರು ಯಾರು ಅಂತ ತಿಳಿದಿರಲಿ, ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯ ಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮನಶ್ಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್‌ಸಿ ಆದಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿದವರು. ನಾನು ಈ ಗುಂಪಿನವಳು. ಜನ ‘ಡಾಕ್ಟ್ರೇ’ ಅಂದಾಗೆಲ್ಲ ತಿದ್ದುತ್ತಾ ಇರುತ್ತೇನೆ. ಇನ್ನು ಕೌನ್ಸೆಲರ್ ಅನ್ನುವ ಬೋರ್ಡು. ಅದರ ಹಿಂದೆ ಎರಡು ವರ್ಷ ಚೆನ್ನಾಗಿ ಓದಿದವರೂ ಇದ್ದಾರೆ, ವಾರಾಂತ್ಯದ ಸರ್ಟಿಫಿಕೇಟ್ ತಂದವರೂ ಇದ್ದಾರೆ. ನೀವೇ ಕೇಳಿ ತಿಳಿದುಕೊಳ್ಳಬೇಕು. ‘ಏನು ಓದಿದ್ದೀರಿ, ಎಲ್ಲಿ ತರಬೇತಿ, ಆರ್‌ಸಿಐ ನಂಬರ್ ಇದೆಯಾ, ನಿಮ್ಮ ಕೇಸುಗಳ ಬಗ್ಗೆ ನೀವು ಹಿರಿಯರ ಹತ್ತಿರ ಚರ್ಚೆ ಮಾಡ್ತೀರಾ’ ಅಂತ ಕೇಳಿದರೆ ಒಳ್ಳೆಯವರು ಬೇಸರ ಪಟ್ಟುಕೊಳ್ಳಲ್ಲ. ಮುಖ ಗಂಟಿಕ್ಕಿದರೆ ಅಲ್ಲಿಗೆ ನಿಮ್ಮ ಕೆಲಸ ಸುಲಭವಾಯಿತು.

ಆದರೆ ಒಂದು ಮಾತು. ಸರ್ಟಿಫಿಕೇಟು ಬಾಗಿಲು ದಾಟಿಸುತ್ತೆ, ಅಷ್ಟೇ. ನೋಟ್‌ಬುಕ್ ತೆರೆಯದ ನನ್ನ ಹತ್ತಿರವೂ ಆಗ ಎಲ್ಲ ಸರ್ಟಿಫಿಕೇಟು ಇದ್ದವು.

ನೀವು ಬೆಂಗಳೂರಿನಲ್ಲೇ ಇರುವುದರಿಂದ ದಾರಿ ಜಾಸ್ತಿ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಹೊಸೂರು ರಸ್ತೆಯ ದೊಡ್ಡಾಸ್ಪತ್ರೆಗೆ ಹೋಗೋಕೆ ಹಿಂಜರಿಯುವವರಿಗೆ ಅಲ್ಲಿ ಹೋಗುವುದು ಸುಲಭ. ಸರ್ಕಾರಿ ಕಡೆ ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಖಾಸಗಿಯಲ್ಲಿ ಒಂದು ಸಲಕ್ಕೆ ಸಾವಿರದಿಂದ ಎರಡೂವರೆ ಸಾವಿರ ಸಾಮಾನ್ಯ, ಅದಕ್ಕಿಂತ ಮೇಲೂ ತೆಗೆದುಕೊಳ್ಳುವವರಿದ್ದಾರೆ. ಫೀಸು ಸ್ವಲ್ಪ ಇಳಿಸುತ್ತೀರಾ ಅಂತ ಕೇಳಿ, ನಾಚಿಕೆ ಬೇಡ. ಕೆಲವರು ಅದಕ್ಕೆಂದೇ ವಾರದಲ್ಲಿ ಒಂದೆರಡು ಹೊತ್ತು ಇಟ್ಟಿರುತ್ತಾರೆ. ನಿಮ್ಮ ಕಂಪನಿ ಪುಕ್ಕಟೆ ಕೌನ್ಸೆಲಿಂಗ್ ಕೊಡುತ್ತಿರಬಹುದು. ಬಳಸಿಕೊಳ್ಳಿ, ಆದರೆ ಎಷ್ಟು ಸಲ ಸಿಗುತ್ತೆ, ಎಚ್‌ಆರ್‌ಗೆ ಏನು ವರದಿ ಹೋಗುತ್ತೆ ಅಂತ ಮೊದಲೇ ಬರಹದಲ್ಲಿ ಕೇಳಿ. ಚಿಕಿತ್ಸೆ ಪಡೆಯುವವರ ಗುಟ್ಟು ಕಾಪಾಡುವುದು ಅದೇ 2017ರ ಕಾಯ್ದೆಯಲ್ಲಿ ನಿಮಗಿರುವ ಹಕ್ಕು.

ಊರಲ್ಲೇ ಇರುವವರು ಇದನ್ನು ಓದುತ್ತಿದ್ದರೆ, ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಿಂದ ಶುರು ಮಾಡಿ. ಅಲ್ಲಿ ಜನಜಂಗುಳಿ, ನಿಮಗೆ ಸಿಗುವುದು ಹತ್ತು ನಿಮಿಷ. ನಿದ್ದೆ, ಖಿನ್ನತೆ ಇಂಥದ್ದಕ್ಕೆ ಆ ಹತ್ತು ನಿಮಿಷ ಸಾಕಾಗಬಹುದು. ಮನಸ್ಸು ಬಿಚ್ಚಿ ಮಾತಾಡೋಕೆ ಆನ್‌ಲೈನ್ ನೋಡಿ.

ಇನ್ನು ಮೊದಲ ಫೋನು. ನನ್ನ ಪ್ರಕಾರ ಎಲ್ಲ ತೀರ್ಮಾನ ಆಗುವುದು ಇಲ್ಲೇ. ತುಂಬ ಜನ ಥೆರಪಿಸ್ಟ್‌ಗಳು ಹತ್ತು ಹದಿನೈದು ನಿಮಿಷ ದುಡ್ಡಿಲ್ಲದೆ ಮಾತಾಡುತ್ತಾರೆ. ಫೋನಿನಲ್ಲಿ ಮಾತು ಹೊರಡಲ್ಲ ಅಂದರೆ ಮೆಸೇಜ್ ಬರೆಯಿರಿ. ಹೀಗೆ ಬರೆಯಬಹುದು: ‘ನನಗೆ 31. ನಿದ್ದೆ ಬರುತ್ತಿಲ್ಲ, ಭಾನುವಾರ ಸಂಜೆ ಎದೆ ಭಾರ ಆಗುತ್ತೆ, ಗದ್ದಲ ತಡೆಯೋಕಾಗಲ್ಲ. ನನಗೆ ರೈಲು ಎಂಜಿನ್ ಬಗ್ಗೆ ತುಂಬ ಆಸಕ್ತಿ, ಚಿಕ್ಕಂದಿನಿಂದ ಎಲ್ಲರಿಗಿಂತ ಬೇರೆ ಅನ್ನಿಸುತ್ತೆ. ಹಿಂದೆ ಒಬ್ಬರು ಅದನ್ನು ಬಿಡಿ ಅಂದಿದ್ದರು, ಸರಿಹೋಗಲಿಲ್ಲ. ನನ್ನಂಥವರ ಜೊತೆ ನೀವು ಹೇಗೆ ಕೆಲಸ ಮಾಡ್ತೀರಿ?’

ಅಷ್ಟೇ ಸಾಕು. ಇನ್ನು ಉತ್ತರ ನೋಡಿ. ‘ಬನ್ನಿ, ಎಲ್ಲ ಸರಿ ಮಾಡೋಣ’ ಅಂದರೆ ಅದು ಉತ್ತರವಲ್ಲ. ‘ನನ್ನ ಮಗನಿಗೂ ರೈಲು ಅಂದ್ರೆ ಇಷ್ಟ’ ಅಂದರೆ ಪಾಪ ಅವರಿಗೆ ಪ್ರೀತಿ ಇದೆ, ಅವರ ಮಗನಿಗೆ ನಾಲ್ಕು ವರ್ಷ ಇರಬಹುದು. ‘ನನಗೆ ರೈಲಿನ ಬಗ್ಗೆ ಏನೂ ಗೊತ್ತಿಲ್ಲ, ನೀವು ಹೇಳಿಕೊಡಬೇಕಾಗುತ್ತೆ. ಗದ್ದಲ ಅಂದ್ರಲ್ಲ, ಯಾವ ಥರದ ಗದ್ದಲ? ಎಂಜಿನ್ ಸದ್ದು ತೊಂದರೆ ಕೊಡಲ್ವಾ?’ ಅಂತ ಯಾರಾದರೂ ಕೇಳಿದರೆ, ಅವರಿಗೆ ಅಪಾಯಿಂಟ್‌ಮೆಂಟ್ ಕೊಟ್ಟುಬಿಡಿ. ಎಂಜಿನ್ನಿನ ಅಬ್ಬರ ಸಹಿಸುವ ಕಿವಿ ಕ್ಯಾಂಟೀನಿನ ಚಮಚದ ಸದ್ದು ಯಾಕೆ ಸಹಿಸಲ್ಲ ಅನ್ನುವುದು ಒಳ್ಳೆಯ ಪ್ರಶ್ನೆ. ಅದನ್ನು ಕೇಳುವವರು ಅರ್ಧ ದಾರಿ ಬಂದಿದ್ದಾರೆ.

ಭಾಷೆಯನ್ನೂ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಷ್ಟೇ ಥೆರಪಿ ಮಾಡುವವರು ತುಂಬ ಜನ. ಎಂಜಿನ್, ಆಫೀಸು, ಮ್ಯಾನೇಜರ್ ಎಲ್ಲ ನಿಮಗೆ ಇಂಗ್ಲಿಷಿನಲ್ಲಿ ಬರಬಹುದು. ಅಪ್ಪ ಬೈದದ್ದು ಕನ್ನಡದಲ್ಲೇ ಬರುತ್ತೆ. ನಮ್ಮ ‘ಬೇಜಾರು’ ಪದವನ್ನೇ ನೋಡಿ. ಮಾಡೋಕೆ ಕೆಲಸ ಇಲ್ಲದಿದ್ದರೆ ಬೇಜಾರು, ಯಾರೋ ಅಂದದ್ದು ಚುಚ್ಚಿದರೆ ಬೇಜಾರು, ಸುಸ್ತಾದರೆ ಬೇಜಾರು, ಸತ್ತ ಮನೆಗೆ ಹೋಗಿ ಬಂದರೂ ಬೇಜಾರು. ಕನ್ನಡ ಬಲ್ಲ ಥೆರಪಿಸ್ಟ್ ‘ಯಾವ ಬೇಜಾರು?’ ಅಂತ ತಿರುಗಿ ಕೇಳುತ್ತಾರೆ. ಬರದವರು ‘ಸ್ಯಾಡ್’ ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ.

ಕೆಲವರಿಗೆ ಯಾವ ಭಾಷೆಯಲ್ಲೂ ಒಳಗೇನಾಗುತ್ತಿದೆ ಅಂತ ಹೇಳೋಕೆ ಬರಲ್ಲ. ಅದಕ್ಕೆ ಅಲೆಕ್ಸಿಥೈಮಿಯಾ ಅನ್ನುವ ಹೆಸರು 1970ರ ದಶಕದಿಂದ ಇದೆ. ಭಾವನೆ ಇಲ್ಲ ಅಂತಲ್ಲ, ಅದಕ್ಕೆ ಹೆಸರಿಡುವುದು ಕಷ್ಟ. ಅಂಥವರ ಜೊತೆ ನಾವು ಮೈಯಿಂದ ಶುರು ಮಾಡುತ್ತೇವೆ. ಹೊಟ್ಟೆ ಹೇಗಿದೆ, ದವಡೆ ಬಿಗಿದಿದೆಯಾ, ಕೈ ತಣ್ಣಗಿದೆಯಾ. ಅಥವಾ ಬರೆಯಿರಿ ಅಂತೇವೆ. ನೀವು ಎಂಜಿನ್ ನಂಬರ್ ಬರೆದಿಡುವವರು. ನಿದ್ದೆ, ಎದೆಭಾರ, ಆವತ್ತು ಎಷ್ಟು ಹೊತ್ತು ಜನರ ನಡುವೆ ಇದ್ದಿರಿ ಅಂತ ಅದೇ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿದರೆ ಎರಡು ವಾರದಲ್ಲಿ ನಿಮಗೇ ಏನೋ ಕಾಣಿಸಬಹುದು. ಕೋಣೆಯಲ್ಲಿ ಕೂತಾಗ ಕೂಡ ನಿಮಗೆ ಬೇಕಾದ್ದನ್ನು ಕೇಳಬಹುದು: ಟ್ಯೂಬ್‌ಲೈಟ್ ಆರಿಸಿ, ಕಣ್ಣಿಗೆ ಕಣ್ಣಿಟ್ಟು ನೋಡೋಕೆ ಹೇಳಬೇಡಿ, ಹೋಗುವಾಗ ಮುಖ್ಯವಾದ್ದನ್ನು ಚೀಟಿಯಲ್ಲಿ ಬರೆದುಕೊಡಿ. ಇದರಲ್ಲಿ ಯಾವುದೂ ಅತಿಯಲ್ಲ.

ಆಟಿಸಂ ವಿಷಯ. ನಿಮಗೆ ಇದೆಯೋ ಇಲ್ಲವೋ ಪತ್ರ ನೋಡಿ ಹೇಳೋಕಾಗಲ್ಲ, ಆನ್‌ಲೈನ್ ಲಿಂಕೂ ಹೇಳೋಕಾಗಲ್ಲ. ಆ ಪ್ರಶ್ನಾವಳಿಗಳು ‘ಮುಂದೆ ನೋಡಬೇಕಾ ಬೇಡವಾ’ ಅನ್ನುವುದಕ್ಕೆ ಮಾತ್ರ. ಒಂದೇ ವಿಷಯದ ಮೇಲೆ ಗಾಢ ಆಸಕ್ತಿ ಇದ್ದ ಮಾತ್ರಕ್ಕೆ ಆಟಿಸಂ ಆಗಲ್ಲ. ಜನರ ಜೊತೆಗಿನ ಮಾತುಕತೆಯಲ್ಲೂ ಕಷ್ಟ ಇರಬೇಕು, ಅದು ಚಿಕ್ಕಂದಿನಿಂದ ಬಂದಿರಬೇಕು, ಬದುಕಿಗೆ ಅಡ್ಡಿಯಾಗುತ್ತಿರಬೇಕು. ಅದಕ್ಕೇ ದೊಡ್ಡವರನ್ನು ಪರೀಕ್ಷೆ ಮಾಡುವಾಗ ಎರಡು ಮೂರು ಸಲ ಕೂರಿಸುತ್ತೇವೆ, ಜೊತೆಗೆ ಅಮ್ಮನನ್ನೋ ಅಕ್ಕನನ್ನೋ ಕರೆದು ಬಾಲ್ಯದ ಬಗ್ಗೆ ಕೇಳುತ್ತೇವೆ. ಹಳೇ ಮಾರ್ಕ್ಸ್ ಕಾರ್ಡಿನಲ್ಲಿ ಮೇಷ್ಟ್ರು ಬರೆದ ಒಂದು ಸಾಲು ಕೆಲವೊಮ್ಮೆ ತುಂಬ ಹೇಳುತ್ತೆ. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದಿರುವುದು, ಚಡಪಡಿಕೆ, ಅದು ಕೂಡ ಹಾಗೇ, ಲಕ್ಷಣ 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿತ್ತಾ ಅಂತ ನೋಡಬೇಕು. ಅದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ವಿಡಿಯೋ ಕಾಲ್‌ನಲ್ಲಿ ಬರೆಯುವ ಹಾಗೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಹೆಸರಿಟ್ಟು ಕಳಿಸುವವರನ್ನು ನಂಬಬೇಡಿ.

ಆ ಹೆಸರು ಬೇಕೇ ಬೇಕಾ? ಕೆಲವರಿಗೆ ಅದು ದೊಡ್ಡ ನಿರಾಳ. ‘ಇಷ್ಟು ವರ್ಷ ನಾನು ಸೋಮಾರಿ ಅಲ್ಲ, ದುರಹಂಕಾರಿ ಅಲ್ಲ’ ಅಂತ ಅತ್ತವರನ್ನು ನೋಡಿದ್ದೇನೆ. ಕೆಲವರಿಗೆ ಇನ್ನೊಂದು ಬೋರ್ಡು ಕುತ್ತಿಗೆಗೆ ಬಿದ್ದ ಹಾಗೆ. ನೀವು ಈಗಲೇ ತೀರ್ಮಾನ ಮಾಡಬೇಕಾಗಿಲ್ಲ, ನಿದ್ದೆ ಮೊದಲು. ಆದರೆ ಒಂದು ವಿಷಯ ತಿಳಿದಿರಲಿ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಾದ ಮುಂದಿಟ್ಟರು. ಆಟಿಸಂ ಇರುವವರಿಗೆ ಬೇರೆಯವರು ಅರ್ಥವಾಗಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ಬೇರೆಯವರಿಗೂ ಇವರು ಅಷ್ಟೇ ಅರ್ಥವಾಗಲ್ಲ, ತಪ್ಪು ಎರಡೂ ಕಡೆಯದು ಅಂತ. ಆಟಿಸಂ ಇರಲಿ, ಇಲ್ಲದಿರಲಿ, ನಿಮ್ಮ ಊಟದ ಮೇಜಿಗೂ ಇದು ಹೊಂದುತ್ತೆ. ನಿಮಗೆ ಅವರ ಮನೆ ಸಾಲ, ವೆಬ್ ಸೀರೀಸ್ ಮಾತು ರುಚಿಸಲ್ಲ. ಅವರಲ್ಲಿ ಒಬ್ಬರಾದರೂ ನಿಮ್ಮ ಎಂಜಿನ್ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಾರಾ?

ಎಷ್ಟು ಸಲ ನೋಡಿ ಬಿಡಬೇಕು ಅಂತ ಜನ ಕೇಳುತ್ತಾರೆ. ನಾನು ಮೂರರಿಂದ ಐದು ಅಂತ ಹೇಳುತ್ತೇನೆ, ಅದು ನನ್ನ ಅಂದಾಜು. ಒಮ್ಮೆ ಸರಿಹೋಗಲಿಲ್ಲ ಅಂತ ಓಡಬೇಡಿ, ಮೊದಲ ದಿನ ಇಬ್ಬರಿಗೂ ಮುಜುಗರ. ಏನೋ ಚುಚ್ಚಿದರೆ ಅಲ್ಲೇ ಹೇಳಿ: ‘ನೀವು ಹಾಗಂದಿದ್ದು ನನಗೆ ಸರಿಬರಲಿಲ್ಲ.’ ಬಾಯಲ್ಲಿ ಆಗದಿದ್ದರೆ ಮೆಸೇಜ್‌ನಲ್ಲಿ. ಅದಕ್ಕೆ ಅವರು ಏನು ಮಾಡುತ್ತಾರೆ ಅನ್ನುವುದೇ ಪರೀಕ್ಷೆ. ‘ಹೌದಾ, ಹೇಳಿ’ ಅಂತ ಕುರ್ಚಿ ಮುಂದೆ ಎಳೆದುಕೊಂಡರೆ ಇರಿ. ‘ನೀವು ತುಂಬ ಸೂಕ್ಷ್ಮ’ ಅಂದರೆ ಎದ್ದು ಬನ್ನಿ.

ಕೆಲವಕ್ಕೆ ಎರಡನೇ ಅವಕಾಶವೂ ಬೇಡ. ನಿಮ್ಮನ್ನು ಕೇಳದೆ ಅಪ್ಪ ಅಮ್ಮನಿಗೆ ಫೋನ್ ಮಾಡಿ ನೀವು ಹೇಳಿದ್ದನ್ನು ಹೇಳುವುದು (ಜೀವಕ್ಕೆ ಅಪಾಯ ಇದ್ದಾಗ ಬೇರೆ ಮಾತು), ಮದುವೆಯನ್ನು ಔಷಧಿ ಅಂತ ಬರೆದುಕೊಡುವುದು, ಜಾತಕ ತನ್ನಿ ಅನ್ನುವುದು. ನಗಬೇಡಿ, ಅದೂ ನಡೆಯುತ್ತೆ. ಬೇರೆ ಅನ್ನಿಸುವುದು ನಿಮ್ಮ ಹಾಗೆ ಹವ್ಯಾಸದಿಂದಲ್ಲದೆ ಲೈಂಗಿಕತೆಯ ಕಾರಣಕ್ಕೆ ಆಗಿರುವ ಓದುಗರೂ ಇರುತ್ತೀರಿ. ಅದನ್ನು ‘ಬದಲಿಸಿಕೊಡುತ್ತೇವೆ’ ಅನ್ನುವವರಿಂದ ದೂರ ಇರಿ. ಡಾಕ್ಟರುಗಳು ಹಾಗೆ ಮಾಡಿದರೆ ಅದು ವೃತ್ತಿಗೆ ದ್ರೋಹ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

ಥೆರಪಿಸ್ಟ್ ಹುಡುಕುವ ಜೊತೆಗೇ ಇನ್ನೊಂದನ್ನೂ ಹುಡುಕಿ. ರೈಲಿನ ಹುಚ್ಚಿರುವವರು ನೀವೊಬ್ಬರೇ ಅಲ್ಲ. ಪ್ಲಾಟ್‌ಫಾರಂ ಕೊನೆಯಲ್ಲಿ ಕ್ಯಾಮೆರಾ ಹಿಡಿದು ನಿಂತ ಇನ್ನೊಬ್ಬರನ್ನು ನೀವು ನೋಡಿಯೇ ಇರುತ್ತೀರಿ, ಮಾತಾಡಿಸಿರಲ್ಲ. ಆ ಪಕ್ಕದವರ ಜೊತೆ ಎಂಜಿನ್ ಮಾತು ಆಗಲಿ. ಆಗ ಥೆರಪಿಯ ಐವತ್ತು ನಿಮಿಷದಲ್ಲಿ ರೈಲಿನ ಪಾಠ ಮಾಡುವ ತುರ್ತು ಕಡಿಮೆಯಾಗುತ್ತೆ. ನಿಮ್ಮ ಎರಡನೇ ಥೆರಪಿಸ್ಟ್ ಹತ್ತಿರ ನೀವು ಮೂರು ಸಲವೂ ಪಾಠ ಮಾಡಿದ್ದಕ್ಕೆ ಅವರ ‘ವಾವ್’ ಒಂದೇ ಕಾರಣ ಇರಲಿಕ್ಕಿಲ್ಲ. ಅದನ್ನು ಕೇಳಲು ಬೇರೆ ಯಾರೂ ಇರಲಿಲ್ಲ, ಅಲ್ವಾ?

ಆಲ್ಬಂ ತಗೊಂಡು ಹೋಗಲಾ ಅಂತ ಕೇಳಿದ್ದೀರಿ. ತಗೊಂಡು ಹೋಗಿ. ಎಲ್ಲ ತೋರಿಸೋಕೆ ಹೋಗಬೇಡಿ, ಒಂದು ಫೋಟೋ ಆರಿಸಿಡಿ. ಚೆಂದದ್ದೇ ಆಗಬೇಕಾಗಿಲ್ಲ. ಈ ಏಳೆಂಟು ತಿಂಗಳಲ್ಲಿ ತೆಗೆದದ್ದಾಗಿರಲಿ. ಎಂಜಿನ್ ಯಾವುದು ಅಂತ ಹೇಳಿದ ಮೇಲೆ, ಆವತ್ತು ಬೆಳಿಗ್ಗೆ ಮನೆಯಿಂದ ಹೊರಟಾಗ ನೀವು ಹೇಗಿದ್ದಿರಿ, ವಾಪಸ್ ಬರುವಾಗ ಹೇಗಿದ್ದಿರಿ ಅನ್ನುವುದನ್ನೂ ಹೇಳಿ.